ಅಪೊಲೀನಳ ಮೂರನೆಯ ಮೆಟ್ಟು

ಕಳೆದ ತಿಂಗಳು ಅಪೊಲೀನ ಮೂಜೆಲ್ ತೀರಿಕೊಂಡಳು. ಮಣ್ಣು ಮಾಡಿದ ಮೂರನೆಯ ದಿನ ಶಾಲೆಯ ಮೇಷ್ಟ್ರು ನಮ್ಮ ಮನೆಗೆ ಬಂದು, ಚರ್ಚಿನ ಪತ್ರಿಕೆಗೆ ಅವಳ ಬಗ್ಗೆ ಎರಡು ಪುಟ ಬರೆದುಕೊಡಬೇಕು ಎಂದರು.

"ನಾನ್ಯಾಕೆ ಮೇಷ್ಟ್ರೇ? ಊರಲ್ಲಿ ಬೇರೆ ಯಾರೂ ಸಿಗ್ಲಿಲ್ವಾ?"

"ನಿಮ್ಮಷ್ಟು ಅವರನ್ನ ಬಲ್ಲೋರು ಇನ್ಯಾರಿದ್ದಾರೆ ಲೆಯೊನಿಯಮ್ಮ? ಎಲ್ರೂ ನಿಮ್ಮ ಹೆಸರೇ ಹೇಳಿದ್ರು."

ಎಲ್ಲರೂ ನನ್ನ ಹೆಸರು ಹೇಳಿದರಂತೆ. ಹೇಳುವಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕಿರುತ್ತಾರೆ. ಮೇಷ್ಟ್ರು ಈ ಕಣಿವೆಗೆ ಬಂದು ಎರಡು ವರ್ಷವಾಯಿತಷ್ಟೇ, ಅವರಿಗೇನು ಗೊತ್ತು. ಆದರೂ ಮಾತು ಸುಳ್ಳಲ್ಲ. ನಲವತ್ತು ವರ್ಷ ಒಬ್ಬ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟವಳಿಗೆ ಅವಳ ಬಗ್ಗೆ ಗೊತ್ತಿಲ್ಲದ್ದು ಏನೂ ಇರುವುದಿಲ್ಲ. ಅವಳ ಯಾವ ಹಲ್ಲು ಮೊದಲು ಬಿತ್ತು, ಭಾನುವಾರದ ಏಪ್ರನ್ನಿಗೆ ಎಷ್ಟು ತೇಪೆ, ನಗುವ ಮೊದಲು ಮೂಗನ್ನು ಹೇಗೆ ಸುಕ್ಕು ಮಾಡುತ್ತಾಳೆ, ಎಲ್ಲ ನನಗೆ ಗೊತ್ತು. ಪತ್ರಿಕೆಗೆ ಎರಡು ಪುಟ ಬರೆದುಕೊಟ್ಟೆ. ದೈವಭಕ್ತೆ, ಕಷ್ಟಜೀವಿ, ಹಳೆಯ ಪದಗಳ ಕಣಜ ಎಂದೆಲ್ಲ ಅದರಲ್ಲಿದೆ. ಇಲ್ಲಿರುವುದು ಅಲ್ಲಿ ಬರೆಯದೆ ಉಳಿದದ್ದು.

ಅಪೊಲೀನ ಹುಟ್ಟಿದ್ದು ತೊರೆಯ ದಂಡೆಯ ಮರ ಕೊಯ್ಯುವ ಗಿರಣಿಯಲ್ಲಿ. ನನಗಿಂತ ಒಂದು ವರ್ಷ ದೊಡ್ಡವಳು. ಅವಳಿಗೆ ಎಂಟು ವರ್ಷವಾಗಿದ್ದಾಗ ಫರ್ ಮರದ ದಿಮ್ಮಿ ಉರುಳಿ ಅಪ್ಪ ಸತ್ತ. ಆಮೇಲೆ ತಾಯಿಮಗಳಿಬ್ಬರೂ ಗುಡ್ಡದ ಮೇಲಿನ ಅಜ್ಜಿಯ ಮನೆ ಸೇರಿದರು. ಒಂದು ಕೋಣೆ, ಮೂರು ಆಡು, ಅಜ್ಜಿಯದೊಂದು ಎಪಿನೆಟ್ಟು ಎಂಬ ತಂತಿವಾದ್ಯ. ಹದಿಮೂರಕ್ಕೆ ಕೆಳಗಿನ ಹತ್ತಿಗಿರಣಿಯಲ್ಲಿ ಹರಿದ ನೂಲಿಗೆ ಗಂಟು ಹಾಕುವ ಕೆಲಸಕ್ಕೆ ಹೋದಳು. ಅಲ್ಲಿನ ಗದ್ದಲದಲ್ಲಿ ಉಳಿದ ಹುಡುಗಿಯರು ಕಿರುಚಿ ಕಿರುಚಿ ಮಾತಾಡಿ ಗಂಟಲು ಕೆಡಿಸಿಕೊಂಡರು. ಇವಳು ಬಾಯಿ ಮುಚ್ಚಿಕೊಂಡು ಮೂಗಿನಲ್ಲೇ ಅಜ್ಜಿಯ ಪದಗಳನ್ನು ಗುನುಗುತ್ತ ಗಂಟಲನ್ನು ಬೆಣ್ಣೆಯ ಹಾಗೆ ಉಳಿಸಿಕೊಂಡಳು. ಗಿರಣಿಯ ಮೇಸ್ತ್ರಿಯೊಬ್ಬ ಮದುವೆಯಾಗುತ್ತೀಯಾ ಎಂದು ಕೇಳಿದ್ದ, ಒಲ್ಲೆ ಎಂದಳಂತೆ. ಯಾಕೆ ಒಲ್ಲೆ ಎಂದಳು ಎಂದು ಆಗ ಯಾರಿಗೂ ತಿಳಿಯಲಿಲ್ಲ.

ನಮ್ಮ ಕಡೆ ಆಗ ಎಪಿನೆಟ್ಟು ಇಲ್ಲದ ಮನೆ ಕಡಿಮೆ. ಒಂದೂವರೆ ಮೊಳ ಉದ್ದದ ಸಪೂರ ಮರದ ಪೆಟ್ಟಿಗೆ, ಐದು ತಂತಿ. ಬಲಗೈಯಲ್ಲಿ ಹೆಬ್ಬಾತಿನ ಗರಿ, ಎಡಗೈಯಲ್ಲಿ ಬೆರಳುದ್ದದ ಕಡ್ಡಿ. ಗರಿ ಐದೂ ತಂತಿಗಳನ್ನು ಮೀಟುತ್ತದೆ, ಕಡ್ಡಿ ಎರಡು ತಂತಿಗಳ ಮೇಲೆ ಮಾತ್ರ, ಸ್ವರಕ್ಕೊಂದರಂತೆ ಕೂರಿಸಿದ ಹಿತ್ತಾಳೆಯ ಮೆಟ್ಟಿನಿಂದ ಮೆಟ್ಟಿಗೆ ಓಡುತ್ತದೆ. ಉಳಿದ ಮೂರು ಒಂದೇ ಶ್ರುತಿ ಹಿಡಿದು ಗುಂಯ್ ಎನ್ನುತ್ತಿರುತ್ತವೆ. ತೊಡೆಯ ಮೇಲಿಟ್ಟು ನುಡಿಸಿದರೆ ಸೊಳ್ಳೆಯಷ್ಟು ಸದ್ದು. ಮೇಜಿನ ಮೇಲಿಟ್ಟರೆ ಇಡೀ ಮೇಜು ಹಾಡುತ್ತದೆ, ತಟ್ಟೆ ಲೋಟ ನಡುಗುತ್ತವೆ. ಅದಕ್ಕೇ ಮದುವೆಯಲ್ಲಿ ಊಟದ ಮೇಜಿನ ಮೇಲೆಯೇ ಎಪಿನೆಟ್ಟು ಇಟ್ಟು 'ಮೂರು ಗಿರಣಿ'ಯ ಪದ ನುಡಿಸಿ ಹಾಡುತ್ತಾರೆ. ಅದು ಮುಗಿಯುವವರೆಗೆ ಮದುಮಗಳು ಕುರ್ಚಿ ಬಿಟ್ಟು ಏಳುವಂತಿಲ್ಲ. ನಮ್ಮ ಲೊರೇನ್ ಸೀಮೆಯನ್ನು ಡ್ಯೂಕರು ಆಳುತ್ತಿದ್ದಾಗ ಕೈಕೈ ಹಿಡಿದು ಸುತ್ತು ಕುಣಿಯುತ್ತಿದ್ದ ಪದ ಅದು. ನಾನೂರು ವರ್ಷವಾದರೂ ಆಗಿದೆ ಎನ್ನುತ್ತಾರೆ. ಯಾರೂ ಬರೆದಿಟ್ಟಿಲ್ಲ, ಗಂಟಲಿನಿಂದ ಗಂಟಲಿಗೆ ಬಂದಿದೆ.

ನನ್ನ ಗಂಡ ಅನ್ಸೆಲ್ಮ ಕಾಲಿಗೆ ಹಾಕುವ ಮರದ ಜೋಡು ಕೆತ್ತುವವನು. ಹಿಮ ಬಿದ್ದ ಮೇಲೆ ಎಪಿನೆಟ್ಟು ಮಾಡುತ್ತಿದ್ದ. ಮೆಟ್ಟು ಕೂರಿಸುವುದನ್ನು ಅಪ್ಪನಿಂದ ಕಲಿತಿದ್ದ. ಅದಕ್ಕೆ ಅಳತೆಪಟ್ಟಿ ಮುಟ್ಟುವ ಹಾಗಿಲ್ಲ. ಯಾರಿಗಾಗಿ ಮಾಡುತ್ತಿದ್ದಾನೋ ಅವರನ್ನು ಎದುರಿಗೆ ಕೂರಿಸಿ ಹಾಡಿಸಬೇಕು. ಅವರು ಹಾಡುತ್ತಿದ್ದ ಹಾಗೆ ಹಿತ್ತಾಳೆ ಕಂಬಿಯ ಚೂರೊಂದನ್ನು ತಂತಿಯಡಿ ಅತ್ತ ಇತ್ತ ಸರಿಸುತ್ತ ಹೋಗಿ, ತಂತಿಯ ಸ್ವರ ಗಂಟಲಿನ ಸ್ವರಕ್ಕೆ ಕೂಡಿದ ಜಾಗದಲ್ಲಿ ಕಂಬಿಯ ಎರಡು ಕಾಲುಗಳನ್ನು ಮರಕ್ಕೆ ಬಡಿಯಬೇಕು. ಹೀಗೆ ಹದಿಮೂರು ಮೆಟ್ಟು. ಆದ್ದರಿಂದ ನಮ್ಮೂರಿನಲ್ಲಿ ಒಬ್ಬರ ಎಪಿನೆಟ್ಟು ಇನ್ನೊಬ್ಬರ ಗಂಟಲಿಗೆ ಆಗುವುದಿಲ್ಲ. ಉಳಿದ ಮೆಟ್ಟುಗಳಲ್ಲಿ ಎಲ್ಲರ ಗಂಟಲೂ ಹೆಚ್ಚುಕಡಿಮೆ ಒಂದೇ. ಮೂರನೆಯದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ, ಕೆಲವರದು ಮೇಲೆ, ಕೆಲವರದು ಕೆಳಗೆ. 'ಮೂರು ಗಿರಣಿ' ಆ ಮೆಟ್ಟಿಗೆ ಏಳು ಸಲ ಬಂದು ನಿಲ್ಲುತ್ತದೆ. ಕಡ ತಂದ ಎಪಿನೆಟ್ಟಿನಲ್ಲಿ ಹಾಡಲು ಹೋದವರ ಗಂಟಲೂ ತಂತಿಯೂ ಏಳು ಸಲ ಜಗಳವಾಡುತ್ತವೆ, ಜನ ಏಳು ಸಲ ನಗುತ್ತಾರೆ.

ಮೊದಲ ಮಹಾಯುದ್ಧ ಮುಗಿದು ಎರಡು ವರ್ಷಕ್ಕೆ ನನ್ನ ನಿಶ್ಚಿತಾರ್ಥವಾಯಿತು. ಅದೇ ವಾರ, ಒಂದು ಭಾನುವಾರ ಮಧ್ಯಾಹ್ನ, ಅನ್ಸೆಲ್ಮ ನನ್ನನ್ನು ತನ್ನ ಬೆಂಚಿನ ಎದುರು ಕೂರಿಸಿ ಹಾಡಿಸಿದ. ನನಗೆ ಇಪ್ಪತ್ತೊಂದು ವರ್ಷ. ಅವನು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ನನ್ನ ಗಂಟಲಿಗೆ ಕಿವಿಗೊಟ್ಟು ಕೂತಿದ್ದರೆ ನನಗೆ ಮೈಯೆಲ್ಲ ಬಿಸಿಯಾಗುತ್ತಿತ್ತು. ಅಷ್ಟು ಗಮನವಿಟ್ಟು ನನ್ನ ಮಾತನ್ನೂ ಯಾರೂ ಕೇಳಿರಲಿಲ್ಲ, ಹಾಡು ಹಾಗಿರಲಿ. ಮನೆಗೆ ಓಡಿಬಂದು ಅಕ್ಕನ ಮುಂದೆ, "ನನ್ನ ಗಂಟಲನ್ನ ಮರದೊಳಗೆ ಇಟ್ಟುಬಿಟ್ಟ ಕಣೇ!" ಎಂದು ಕುಣಿದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮದುವೆಯ ದಿನ ಎಪಿನೆಟ್ಟು ಕೈಗಿಟ್ಟ. ಚೆರ್ರಿ ಮರದ್ದು, ಹೃದಯದ ಆಕಾರದ ಎರಡು ತೂತು. ಎಲ್ಲರ ಎದುರು ಹಾಡಿದೆ. ಮೂರನೆಯ ಮೆಟ್ಟಿಗೆ ಬಂದಾಗ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗಾಯಿತು. ಎರಡನೆಯ ಸಲವೂ ಹಾಗೇ ಆಯಿತು. "ಹೆದ್ರಿಕೊಂಡಿದೆ ಪಾಪ, ಹುಡುಗಿ" ಎಂದರು ಅತ್ತೆ. ಮೂರು ತಿಂಗಳಾದ ಮೇಲೂ ಮುಳ್ಳು ಹೋಗದಿದ್ದಾಗ ಅದೇ ಅತ್ತೆ, "ನಿಂಗೋಸ್ಕರನೇ ಮಾಡಿದ ಎಪಿನೆಟ್ಟಿಗೆ ನೀನೇ ಕೂಡಲ್ವಲ್ಲೇ, ಕಿವೀನ ತವರಲ್ಲೇ ಬಿಟ್ಟು ಬಂದ್ಯಾ?" ಎಂದರು. ಅನ್ಸೆಲ್ಮ ಪಕ್ಕದಲ್ಲೇ ಉಳಿ ಮಸೆಯುತ್ತಿದ್ದ. ನಾನು ಅತ್ತೆಯ ಮಾತನ್ನೇ ನಂಬಿದೆ. ನನ್ನ ಗಂಟಲನ್ನು ಕೇಳಿಯೇ ಮಾಡಿದ ವಾದ್ಯ ನನಗೆ ಕೂಡದಿದ್ದರೆ ತಪ್ಪು ನನ್ನ ಗಂಟಲಿನದೇ ತಾನೇ? ಹಾಡುವುದನ್ನು ಬಿಟ್ಟೆ. ಬರೀ ನುಡಿಸುತ್ತಿದ್ದೆ. ಹಾಡಿಲ್ಲದ ನುಡಿಕೆಗೆ ಯಾರು ಕರೆಯುತ್ತಾರೆ? ಮದುವೆಯಿರಲಿ, ಹಬ್ಬವಿರಲಿ, ಎಲ್ಲರೂ ಅಪೊಲೀನಳನ್ನು ಕರೆದರು.

ಅವಳು ಅಜ್ಜಿಯ ಕಾಲದ ಕರಿಹಿಡಿದ ಎಪಿನೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದಳು. ಅಜ್ಜಿಯಿಂದಲೇ ಕಲಿತ ಗಂಟಲು, ಅದಕ್ಕೆ ಹೆಚ್ಚುಕಡಿಮೆ ಕೂಡುತ್ತಿತ್ತು. ಮೇಜಿನ ಮೇಲಿಟ್ಟು, ಕಿವಿ ಮರಕ್ಕೆ ತಾಗುವಷ್ಟು ಬಗ್ಗಿ, ಯಾರಿಗೋ ಗುಟ್ಟು ಹೇಳುವ ಹಾಗೆ ಶುರು ಮಾಡುತ್ತಿದ್ದಳು. ಆ ಮೂರನೆಯ ಮೆಟ್ಟಿನ ಮೇಲೆ ಅವಳ ಗಂಟಲು ಉಳಿದವರಿಗಿಂತ ಒಂಚೂರು ಕೆಳಗೆ ಕೂರುತ್ತಿತ್ತು. ನಗಬೇಕೋ ಅಳಬೇಕೋ ತಿಳಿಯದ ಜಾಗ ಅದು. ಕಸಾಯಿಯವನಂಥ ಗಟ್ಟಿ ಆಳುಗಳೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹಾಡಿದ್ದಕ್ಕೆ ಒಂದು ಸುತ್ತು ಹೊಗೆಯಾಡಿಸಿದ ಸಾಸೇಜು, ಒಂದು ಶೀಸೆ ಚೆರ್ರಿ ಸಾರಾಯಿ ಕೊಡುವುದು ಪದ್ಧತಿ. ಸಾರಾಯಿಯನ್ನು ಅವಳು ಮುಟ್ಟದೆ ಊರ ಮುದುಕರಿಗೆ ಹಂಚುತ್ತಿದ್ದಳು. ಅದಕ್ಕೂ ನನಗೆ ಉರಿ. ಒಳ್ಳೆಯವಳಾಗಿರುವುದಕ್ಕೂ ಅವಳಿಗೆ ಗಂಟಲೇ ನೆಪ ಎಂದು ಅತ್ತಿಗೆಯ ಹತ್ತಿರ ಮೂಗು ಮುರಿದೆ.

ಎಲ್ಲಕ್ಕಿಂತ ಉರಿ ಹತ್ತಿಸಿದ್ದು ಮುಳ್ಳುಚಮಚ. ನನ್ನ ಗಂಡ ಉಣ್ಣುತ್ತಿರುವಾಗ ಮನೆಗೆ ಬೆಂಕಿ ಬಿದ್ದರೂ ಮುಳ್ಳುಚಮಚ ಕೆಳಗಿಡುವವನಲ್ಲ. ಅಪೊಲೀನ ಹಾಡಲು ಬಗ್ಗಿದರೆ ಇಡುತ್ತಿದ್ದ. ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಬೆಂಚಿನ ಎದುರು ನನಗೆ ಒಂದೇ ಒಂದು ಮಧ್ಯಾಹ್ನ ತೋರಿಸಿದ ಮುಖವನ್ನು ಇಟ್ಟುಕೊಂಡು ಕೂರುತ್ತಿದ್ದ. ಹಾಡು ಮುಗಿದ ಮೇಲೆ ಆರಿದ ಮಾಂಸ ತಿನ್ನುತ್ತಿದ್ದ.

"ಅವಳ ಹಾಡು ಅಷ್ಟು ರುಚಿನಾ?" ಎಂದು ಒಮ್ಮೆ ಕೇಳಿದೆ.

"ಕಸುಬಿನವನು, ಕೇಳಿಸ್ಕೋತೀನಿ" ಎಂದ.

"ನಾನು ನುಡಿಸ್ವಾಗ ಕಸುಬು ಎಲ್ಲಿಗೆ ಹೋಗಿರುತ್ತೆ?"

ಅದಕ್ಕೆ ಅವನು ಜೋಡು ಕೆತ್ತಲು ಎದ್ದು ಹೋದ.

ಆಗ ನಾನೊಂದು ಹುಚ್ಚು ಕೆಲಸ ಶುರು ಮಾಡಿದೆ. ಬೆಳಗ್ಗೆ ಹಾಲು ಕರೆಯಲು ಕೊಟ್ಟಿಗೆಗೆ ಹೋದವಳು ಬಾಗಿಲು ಹಾಕಿಕೊಂಡು, ಹಸುವಿನ ಹೊಟ್ಟೆಗೆ ಹಣೆ ಕೊಟ್ಟು, ಅಪೊಲೀನಳ ಹಾಗೆ ಹಾಡಲು ಕಲಿತೆ. ಅವಳಂತೆಯೇ ಬಗ್ಗಿ, ಅವಳಂತೆಯೇ ಉಸಿರು ಬಿಟ್ಟು, ಮೂರನೆಯ ಜಾಗದಲ್ಲಿ ಅವಳಷ್ಟೇ ಕೆಳಗೆ ಕೂರಿಸಿ. ಒಂದಲ್ಲ ಒಂದು ದಿನ ಅವಳಿಗಿಂತ ಚೆನ್ನಾಗಿ ಹಾಡಿ ಎಲ್ಲರ ಮುಳ್ಳುಚಮಚ ಕೆಳಗಿಡಿಸಬೇಕು ಎಂಬ ಹಟ. ಎಪಿನೆಟ್ಟಿನ ಹತ್ತಿರ ಮಾತ್ರ ಬಾಯಿ ತೆರೆಯಲಿಲ್ಲ, ಅದು ನನಗೆ ಮಾಡಿದ ಅವಮಾನ ಸಾಕಾಗಿತ್ತು. ಹಸು ಸತ್ತು, ಅದರ ಕರು ಹಸುವಾಗಿ, ಅದೂ ಮುದಿಯಾಯಿತು. ನಾನು ಕೊಟ್ಟಿಗೆಯಲ್ಲೇ ಹಾಡುತ್ತಿದ್ದೆ. ಹೊರಗೆ ಹಾಡುವ ಧೈರ್ಯ ಬರಲಿಲ್ಲ. ಅವಳನ್ನು ನಕಲು ಮಾಡುತ್ತಾಳೆ ಎಂದು ಯಾರಾದರೂ ಅಂದರೆ ನಾನು ಬದುಕಿರುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ಕಾಡಿನ ನೀಲಿ ಬ್ರಾಂಬೆಲ್ ಹಣ್ಣಿನ ಕಾಲದಲ್ಲಿ ಕಮ್ಮಾರ ಪ್ರೋಸ್ಪೆರನ ಮಗಳ ಮದುವೆ. ಹಿಂದಿನ ದಿನ ಅಪೊಲೀನಳ ಅಜ್ಜಿಯ ಎಪಿನೆಟ್ಟು ಒಲೆಯ ಪಕ್ಕದಲ್ಲಿ ಕಾದು, ಮೇಲ್ಹಲಗೆ ಉದ್ದಕ್ಕೆ ಸೀಳಿತು. ಸುದ್ದಿ ಕೇಳಿದ ತಕ್ಷಣ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ನನ್ನ ಎಪಿನೆಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗುಡ್ಡ ಹತ್ತಿ ಅವಳ ಮನೆಗೆ ಹೋದೆ. ಏದುಸಿರು ಬಿಡುತ್ತ, ನಗುನಗುತ್ತ ಹೋದೆ.

"ಬೇಡ ಕಣೆ ಲೆಯೊನಿ" ಎಂದಳು. "ಬೇರೆಯವರ ಎಪಿನೆಟ್ಟಲ್ಲಿ ಹಾಡಿದ್ರೆ ಏನಾಗುತ್ತೆ ಅಂತ ನಿಂಗೊತ್ತಿಲ್ವಾ? ಮದುವೆ ಮನೇಲಿ ನಗೆಪಾಟಲಾಗ್ತೀನಿ."

"ನಗೋರ್ಯಾರು? ನಿನ್ನ ಗಂಟಲು ಎಲ್ಲಿಟ್ರೂ ಕೂರುತ್ತೆ. ನೀನು ಹಾಡದೆ ಇದ್ರೆ ಆ ಹುಡುಗಿ ಕುರ್ಚಿ ಬಿಟ್ಟು ಏಳೋದು ಹೇಗೆ, ಪಾಪ?"

ಅವಳು ನನ್ನ ಮುಖವನ್ನೇ ನೋಡುತ್ತ ಎಪಿನೆಟ್ಟನ್ನು ತೆಗೆದುಕೊಂಡಳು. ಇಳಿದು ಬರುವಾಗ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಏಳು ಸಲ ಮುಗ್ಗರಿಸುತ್ತಾಳೆ, ಏಳು ಸಲ ಜನ ನಗುತ್ತಾರೆ, ಅನ್ಸೆಲ್ಮ ಮುಳ್ಳುಚಮಚ ಎತ್ತಿಕೊಂಡು ಊಟ ಮುಂದುವರಿಸುತ್ತಾನೆ. ಇಷ್ಟನ್ನೇ ಮನಸ್ಸಿನಲ್ಲಿ ಆಡಿಸುತ್ತ ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದೆ.

ಮರುದಿನ ಮಧ್ಯಾಹ್ನ ಪ್ರೋಸ್ಪೆರನ ಅಂಗಳದಲ್ಲಿ ಉದ್ದನೆಯ ಮೇಜು. ಅರವತ್ತು ಜನ. ಸಾಸೇಜು, ಆಲೂಗಡ್ಡೆ, ಬ್ರಾಂಬೆಲ್ ಹಣ್ಣಿನ ಕಡುಬು ತಿಂದು ಎಲ್ಲರ ನಾಲಿಗೆಯೂ ನೀಲಿ. ಅಪೊಲೀನ ನನ್ನ ಎಪಿನೆಟ್ಟನ್ನು ಮೇಜಿನ ಮೇಲಿಟ್ಟಳು. ನನ್ನದೆಂದು ಗುರುತು ಹಿಡಿದವರು ಆಗಲೇ ಒಬ್ಬರನ್ನೊಬ್ಬರು ತಿವಿಯತೊಡಗಿದ್ದರು. ನಾನು ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಮುಖದಲ್ಲಿ ಅಯ್ಯೋ ಪಾಪ ಎಂಬ ಕಳೆ ತಂದುಕೊಂಡು ಕಾದೆ.

ಅವಳು ಬಗ್ಗಿ ಶುರು ಮಾಡಿದಳು. ಮೂರನೆಯ ಮೆಟ್ಟಿಗೆ ಬಂತು. ಗಂಟಲೂ ತಂತಿಯೂ ಕೂಡಿದವು. ಎಷ್ಟು ಕೂಡಿದವು ಎಂದರೆ ಎಲ್ಲಿ ಹೆಂಗಸು ಮುಗಿದಳು ಎಲ್ಲಿ ಮರ ಶುರುವಾಯಿತು ಎಂದು ಹೇಳಲಾಗಲಿಲ್ಲ. ಮೇಜು ಗುಂಯ್ ಎಂದಿತು, ನನ್ನ ಲೋಟದಲ್ಲಿದ್ದ ವೈನು ನಡುಗಿತು. ಅಪೊಲೀನಳ ಕೈ ಒಂದು ಗಳಿಗೆ ತಡೆದದ್ದನ್ನು ನಾನು ಕಂಡೆ. ಆಮೇಲೆ ಅವಳು ಇನ್ನೂ ಬಗ್ಗಿ, ಕಣ್ಣು ಮುಚ್ಚಿ, ಹಿಂದೆಂದೂ ಹಾಡದ ಹಾಗೆ ಹಾಡಿದಳು. ಏಳು ಸಲವೂ ಕೂಡಿತು. ಅಜ್ಜಿಯ ಎಪಿನೆಟ್ಟಿನಲ್ಲೂ ಅವಳು ಅಷ್ಟು ಕೂಡಿದ್ದನ್ನು ಯಾರೂ ಕೇಳಿರಲಿಲ್ಲ. ಅದು ಅಜ್ಜಿಯ ಗಂಟಲಿಗೆ ಮಾಡಿದ್ದು ತಾನೇ.

ಹಾಡು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅರವತ್ತು ಜನರಿಗೂ ಅದರ ಅರ್ಥ ಗೊತ್ತಿತ್ತು. ಹೆಂಗಸರು ನನ್ನ ಕಡೆ ನೋಡಿ ತಕ್ಷಣ ತಟ್ಟೆಯ ಕಡೆ ನೋಡಿದರು. ಕುಡಿದಿದ್ದ ಪ್ರೋಸ್ಪೆರನೇ ಬಾಯಿ ಬಿಟ್ಟ.

"ಏನಯ್ಯಾ ಅನ್ಸೆಲ್ಮ, ನಿನ್ನ ಹೆಂಡ್ತಿ ಎಪಿನೆಟ್ಟೊಳಗೆ ಅಪೊಲೀನಳ ಗಂಟಲು ಹೇಗೆ ಬಂತಯ್ಯಾ? ಕಿಟಕಿ ಹತ್ತಿ ಬಂತಾ?"

ಒಂದಿಬ್ಬರು ಕಿಸಕ್ಕೆಂದರು. ನಾನು ಗಂಡನ ಕಡೆ ತಿರುಗಿದೆ. ಅವನು ತನ್ನ ಕಾಲಿನ ಜೋಡುಗಳನ್ನೇ ನೋಡುತ್ತಿದ್ದ, ಅವುಗಳನ್ನು ಯಾರು ಕೆತ್ತಿದರೋ ಎಂಬ ಹಾಗೆ. ನೆಲ ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತು. ಮೂವತ್ತಾರು ವರ್ಷ ನನ್ನ ಗಂಟಲನ್ನು ಹಳಿದುಕೊಂಡು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ತಪ್ಪು ಗಂಟಲಿನದಾಗಿರಲಿಲ್ಲ. ನನಗೆಂದು ಮಾಡಿದ ಒಂದೇ ವಸ್ತು ನನಗೆಂದು ಮಾಡಿದ್ದಾಗಿರಲಿಲ್ಲ.

 ಮರುದಿನ ನಾನು ಅವನನ್ನು ಕೇಳುವ ಮೊದಲು ಅವಳನ್ನು ಕೇಳಬೇಕೆಂದು ಹೊರಟೆ. ಅಪೊಲೀನ ಬಾಗಿಲಲ್ಲಿ ಕೂತು ಬ್ರಾಂಬೆಲ್ ಹಣ್ಣುಗಳಿಂದ ಎಲೆ ಆರಿಸುತ್ತಿದ್ದಳು. ಎರಡೂ ಕೈ ಮಣಿಕಟ್ಟಿನವರೆಗೆ ನೀಲಿ. ನನ್ನ ಎಪಿನೆಟ್ಟು ಬಟ್ಟೆ ಸುತ್ತಿಸಿಕೊಂಡು ಪಕ್ಕದಲ್ಲಿತ್ತು.

"ಕೇಳೋಕೆ ಬಂದಿದ್ದೀಯ ತಾನೇ? ಕೇಳು" ಎಂದಳು.

"ಅವನ ಬೆಂಚಿನ ಮುಂದೆ ಯಾವಾಗ ಕೂತಿದ್ದೆ?"

"ನಿನ್ನ ಮದುವೆಗೆ ಹಿಂದಿನ ಶರತ್ಕಾಲದಲ್ಲಿ. ಮೂರು ಭಾನುವಾರ."

"ಮೂರು ಭಾನುವಾರ!" ಎಂದೆ. ನನಗೆ ಸಿಕ್ಕಿದ್ದು ಒಂದು. ಎಲ್ಲವನ್ನೂ ಬಿಟ್ಟು ಆ ಲೆಕ್ಕವೇ ನನ್ನ ಹೊಟ್ಟೆಗೆ ಮೊದಲು ಬೆಂಕಿ ಹಚ್ಚಿತು.

"ಹೊಟ್ಟೆ ಉರ್ಕೋಬೇಡ್ವೇ, ಅಲ್ಲಿ ಹಾಡು ಬಿಟ್ಟು ಏನೂ ನಡೀಲಿಲ್ಲ. ಹಿಮ ಕರಗಿದ ಮೇಲೆ ತಂದ್ಕೊಡ್ತೀನಿ ಅಂದ. ಎಪಿನೆಟ್ಟು ತಂದ್ಕೊಡ್ತೀನಿ ಅಂತ ಒಬ್ಬ ಹೇಳಿದ್ರೆ ಮದುವೆ ಆಗ್ತೀನಿ ಅಂತಲೇ ಅರ್ಥ, ನಿಂಗೂ ಗೊತ್ತು. ಹಿಮ ಕರಗ್ತು. ಪ್ರತಿ ಭಾನುವಾರ ಏಪ್ರನ್ ಒಗೆದು ಇಸ್ತ್ರಿ ಮಾಡಿ ಇಲ್ಲೇ ಕೂತಿರ್ತಿದ್ದೆ. ಆಮೇಲೊಂದು ದಿನ ಚರ್ಚಲ್ಲಿ ಮದುವೆಗೆ ಅಂತ ನಿಮ್ಮಿಬ್ಬರ ಹೆಸರು ಕೂಗಿದ್ರು."

"ಯಾಕೆ ಬಿಟ್ಟ ನಿನ್ನ?"

"ನಿಂಗೆ ಎರಡು ಹುಲ್ಲುಗಾವಲಿತ್ತು, ನಂಗೆ ಮೂರು ಆಡು. ಅವರಮ್ಮ ಎಂಥಾ ಹೆಂಗಸು ಅಂತ ನನಗಿಂತ ನಿಂಗೇ ಚೆನ್ನಾಗಿ ಗೊತ್ತು."

ಅತ್ತೆಯ ಮಾತು ಬಂದಾಗ ಇಬ್ಬರಿಗೂ ನಗು ಬರಬೇಕಿತ್ತು. ಬರಲಿಲ್ಲ.

"ನಿನ್ನೆ ನುಡಿಸ್ವಾಗ ನಿಂಗೆ ಗೊತ್ತಾಯ್ತು" ಎಂದೆ. "ಕೈ ತಡೀತು, ನಾನು ನೋಡ್ದೆ. ಬೇಕಂತ ತಪ್ಪು ಹಾಡಬಹುದಿತ್ತಲ್ವಾ? ನನ್ನ ಮಾನ ಉಳೀತಿತ್ತು."

"ನೀನು ಬೇಕಂತಲೇ ತಂದ್ಕೊಟ್ಟೆ ತಾನೇ, ಏಳು ಸಲ ನಗಿಸೋಕೆ?"

 ಅವಳು ಹಣ್ಣಿನ ಬುಟ್ಟಿಯನ್ನು ಪಕ್ಕಕ್ಕಿಟ್ಟಳು.

"ಇಷ್ಟು ವರ್ಷ ನಿನ್ನ ಕಂಡ್ರೆ ನಂಗೂ ಆಗ್ತಿರಲಿಲ್ಲ ಲೆಯೊನಿ. ನಂಗೋಸ್ಕರ ಅಂತ ಒಬ್ಬರು ಮಾಡಿದ್ದು ಒಂದೇ ವಸ್ತು. ಅದು ನಿಮ್ಮನೆ ಗೋಡೇಲಿ ನೇತಾಡ್ತಿದೆ ಅಂತ ನಂಗೆ ಗೊತ್ತಿರಲಿಲ್ಲ. ಎಲ್ಲೋ ಒಲೆಗೆ ಹಾಕಿರ್ತಾನೆ ಅಂದ್ಕೊಂಡಿದ್ದೆ. ನಿನ್ನೆ ಕೈಗೆ ಸಿಕ್ತು. ನಿನ್ನ ಮಾನ ನೆನಪಾಯ್ತು, ಸುಳ್ಳು ಹೇಳಲ್ಲ. ಆದ್ರೆ ನಿಲ್ಲಿಸೋಕೆ ಆಗ್ಲಿಲ್ಲ."

ಆಗ ನನಗೆ ಅವಳ ಮೇಲೆ ಕನಿಕರ ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ. ಬರಲಿಲ್ಲ. ಮೂರು ಭಾನುವಾರ, ಮೂರು ಭಾನುವಾರ ಎಂದು ಕಿವಿಯಲ್ಲಿ ಬಡಿಯುತ್ತಿತ್ತು. ಹೊರಡುವಾಗ ಅವಳು ಎಪಿನೆಟ್ಟಿನ ಜೊತೆ ಒಂದು ಪಾತ್ರೆ ಹಣ್ಣು ಕೊಟ್ಟಳು. ಬೇಡ ಎನ್ನದೆ ತೆಗೆದುಕೊಂಡು, ದಾರಿಯಲ್ಲಿ ಹಣ್ಣನ್ನು ತೊರೆಗೆ ಚೆಲ್ಲಿದೆ. ಒಳ್ಳೆಯ ಹಣ್ಣು, ಒಂದು ಎಲೆಯೂ ಇರಲಿಲ್ಲ. ಅದಾದ ಮೇಲೆ ಅಪೊಲೀನ ನಾಲ್ಕು ವರ್ಷ ಬದುಕಿದ್ದಳು. ಎದುರಾದಾಗ ಹವೆಯ ಬಗ್ಗೆ, ಆಡುಗಳ ಬಗ್ಗೆ ಮಾತಾಡುತ್ತಿದ್ದೆವು. ಈ ಫೆಬ್ರವರಿಯಲ್ಲಿ ಎದೆಯಲ್ಲಿ ಕಫ ಕಟ್ಟಿ ಮಲಗಿದವಳು ಏಳಲಿಲ್ಲ. ನನ್ನ ಕಥೆ ಮಾತ್ರ ಆ ದಿನವೇ, ತೊರೆ ದಾಟಿ ಮನೆಗೆ ಬಂದ ಮೇಲೆ, ಇನ್ನೊಂದು ತಿರುವು ತೆಗೆದುಕೊಂಡಿತು.

ಅನ್ಸೆಲ್ಮ ಬೆಂಚಿನಲ್ಲಿ ಕೂತಿದ್ದ. ಎಪಿನೆಟ್ಟನ್ನು ಅವನ ಮುಂದೆ ಇಟ್ಟೆ.

"ಅವಳಿಗೆ ಮೂರು ಭಾನುವಾರ. ನನ್ನನ್ನ ಹಾಡಿಸಿದ್ದು ನಾಟಕವಾ?"

"ಅಲ್ಲ." ಉಳಿಯನ್ನು ಕೆಳಗಿಟ್ಟ. "ಅವಳಿಗೆ ಮಾಡಿದ್ದು ಹೌದು. ಆಮೇಲೆ ನಿನ್ನ ಹಾಡು ಕೇಳಿ ಹನ್ನೆರಡು ಮೆಟ್ಟು ಕಿತ್ತು ಹೊಸದಾಗಿ ಹೊಡೆದೆ. ಒಂದನ್ನ ಬಿಟ್ಟೆ."

"ಯಾಕೆ ಬಿಟ್ಟೆ?"

ಅವನು ಬೆಂಚಿನ ಮೇಲಿನ ಮರದ ಹೊಟ್ಟನ್ನು ಕೈಯಿಂದ ಸರಿಸಿದ. ಸುಳ್ಳು ಹುಡುಕುತ್ತಿದ್ದಾನೆ ಎಂದುಕೊಂಡೆ.

"ಅದು ಅಲ್ಲಿ ಚೆನ್ನಾಗಿತ್ತು" ಎಂದ.

ಸುಳ್ಳನ್ನೇ ಹೇಳಿದ್ದರೆ ವಾಸಿಯಿತ್ತು. ನಾನು ಕೂಗಾಡಿದೆ. ಮೂವತ್ತಾರು ವರ್ಷದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಆಡಿದೆ, ಸತ್ತ ಅತ್ತೆಯನ್ನೂ ಬಿಡಲಿಲ್ಲ. ಕೊನೆಗೆ, "ಕೀಳು ಅದನ್ನ. ಕಿತ್ತು, ನನ್ನ ಗಂಟಲಿಗೆ ಹೊಡಿ. ಇಲ್ದಿದ್ರೆ ಒಲೆಗೆ ಹಾಕ್ತೀನಿ" ಎಂದೆ. ಅವನು ಎದುರಾಡದೆ ಇಕ್ಕಳ ತೆಗೆದುಕೊಂಡು, ಬೆರಳಿನಿಂದ ತಡವಿ ಹುಡುಕಿ ಮೂರನೆಯ ಮೆಟ್ಟನ್ನು ಕಿತ್ತ. ಕಂಬಿಯ ಕಾಲುಗಳಿದ್ದ ಎರಡು ತೂತುಗಳಿಗೆ ಫರ್ ಮರದ ಬಿಳಿ ಚೂರು ತುಂಬಿ, ಅಂಟು ಹಾಕಿ, ಮಟ್ಟ ಮಾಡಿ ಒಣಗಲು ಬಿಟ್ಟ. ಕೆಂಪು ಚೆರ್ರಿ ಮರದಲ್ಲಿ ಎರಡು ಬಿಳಿ ಚುಕ್ಕೆ ಉಳಿದವು.

ಮರುದಿನ ಊಟವಾದ ಮೇಲೆ ಬೆಂಚಿನ ಎದುರು ಕೂತೆ. ಅವನ ಕಣ್ಣು ಆ ವೇಳೆಗೆ ಮಂಜಾಗಿತ್ತು, ಹತ್ತಿರದ್ದು ಕಾಣುತ್ತಿರಲಿಲ್ಲ. "ಕಂಬಿ ನೀನೇ ಹಿಡಿ. ಹಾಡ್ತಾ ಹಾಡ್ತಾ ನಾನು ಹೇಳಿದ ಕಡೆ ಸರಿಸು" ಎಂದು ಗರಿ ತೆಗೆದುಕೊಂಡು ಕಣ್ಣು ಮುಚ್ಚಿದ. ಅವನೆದುರು ನಾನು ಬಾಯಿ ತೆರೆದು ಎಷ್ಟು ವರ್ಷವಾಗಿತ್ತೋ. ಮೊದಲ ಎರಡು ಸಲ ಗಂಟಲು ಕರಕರ ಎಂದಿತು. ಮೂರನೆಯ ಸಲ ತಿಳಿಯಾಯಿತು.

"ಮೇಲೆ" ಎಂದ. "ಇನ್ನೂ ಸ್ವಲ್ಪ. ಇನ್ನೂ. ಜಾಸ್ತಿ ಆಯ್ತು, ಕೆಳಗೆ. ಹಾಂ, ಅಲ್ಲಿ. ಅಲ್ಲೇ, ಸರಿಸಬೇಡ."

ತಂತಿಯೂ ಗಂಟಲೂ ಕೂಡಿದ್ದವು. ಮುಳ್ಳು ಇರಲಿಲ್ಲ. ಮದುವೆಯಾದಂದಿನಿಂದ ಕಾದಿದ್ದ ಸುಖ ಅದು. ಹಾಡುತ್ತಲೇ ಬಗ್ಗಿ ನೋಡಿದೆ. ಕಂಬಿಯ ಎರಡು ಕಾಲುಗಳು ಎರಡು ಬಿಳಿ ಚುಕ್ಕೆಗಳ ಮೇಲೆ ಸರಿಯಾಗಿ ನಿಂತಿದ್ದವು.

 ಇಷ್ಟು ವರ್ಷ ಕೊಟ್ಟಿಗೆಯಲ್ಲಿ ಹಸುವಿನ ಹೊಟ್ಟೆಗೆ ಹಣೆ ಕೊಟ್ಟು ನಾನು ಕಲಿತದ್ದು ಇದನ್ನೇ, ಅಪೊಲೀನಳ ಜಾಗವನ್ನು. ಇಪ್ಪತ್ತೊಂದರ ಆ ಹುಡುಗಿಯ ಗಂಟಲು ಎಲ್ಲಿ ಕೂರುತ್ತಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ಮೇಲಿತ್ತೋ, ಕೆಳಗಿತ್ತೋ, ಏನೂ ನೆನಪಾಗಲಿಲ್ಲ. ತಲೆಯೆತ್ತಿ ಗಂಡನನ್ನು ನೋಡಿದೆ. ಕಣ್ಣು ಮುಚ್ಚಿದ್ದ, ತಲೆ ಓರೆಯಾಗಿತ್ತು. ಮದುವೆಯ ಮೇಜುಗಳಲ್ಲಿ ನಾನು ಪಕ್ಕದಿಂದ ಕದ್ದು ಕದ್ದು ನೋಡುತ್ತಿದ್ದ ಮುಖ ನನ್ನ ಎದುರಿಗಿತ್ತು.

"ಹಳೇ ತೂತಿಂದ ಎಷ್ಟು ದೂರ ಬಂತು?" ಎಂದು ಕೇಳಿದ, ಕಣ್ಣು ತೆರೆಯದೆ.

"ಎರಡು ಗೋಧಿಕಾಳಿನಷ್ಟು ಮೇಲೆ" ಎಂದೆ.

"ಅಷ್ಟು ಬೇರೆನಾ?" ಅವನ ಮುಖದಲ್ಲಿ ನಗು ಹರಡಿತು. "ನೋಡಿದ್ಯಾ, ನಿಂದೇ ಹೆಚ್ಚು ಚೆನ್ನಾಗಿತ್ತು. ನಾನೇ ದಡ್ಡ. ಹೊಡಿ, ಅಲ್ಲೇ ಹೊಡಿ."

ಸುತ್ತಿಗೆ ತೆಗೆದುಕೊಂಡು ಹೊಡೆದೆ. ಮೆತ್ತನೆಯ ಫರ್ ಮರದೊಳಗೆ ಕಂಬಿ ಎರಡೇ ಏಟಿಗೆ ಇಳಿಯಿತು.

"ಈಗ ಮೊದಲಿಂದ ಹಾಡು" ಎಂದ. "ಅವಸರ ಬೇಡ, ಏಳು ಸಲಾನೂ ಬರಲಿ."

ಅವನ ಕಿವಿಯಲ್ಲಿ ಯಾರಿದ್ದಾರೆ ಎಂದು ವಿಚಾರಿಸಲು ಹೋಗದೆ, ಏಳು ಸಲವೂ ಹಾಡಿದೆ.